ಹದಿನಾಲ್ಕು ಮಿಲಿಗ್ರಾಂ ಪುಡಿಗೆ ಫ್ರಿಜ್ಜಿನಲ್ಲಿ ಜಾಗ ಕೋರಿ

ದಿನಾಂಕ: ೧೪-೧೦-೧೯೯೯

ಇಂದ:
ಜಯಂತ್, ರಸಾಯನಶಾಸ್ತ್ರದ ಅಧ್ಯಾಪಕ,
ನಡುಮನೆ, ಕೋಟೆ ಬೀದಿ, ಹೊಳೆನರಸೀಪುರ.

ಗೆ:
ಶ್ರೀಮತಿ ಲಕ್ಷ್ಮೀದೇವಮ್ಮನವರು (ಅರ್ಜಿದಾರನ ತಾಯಿ),
ಅಡುಗೆಮನೆ, ಅದೇ ವಿಳಾಸ.

ವಿಷಯ: ಸಮುದ್ರದ ಸ್ಪಂಜಿನಿಂದ ಬೇರ್ಪಡಿಸಿದ ಪುಡಿಯನ್ನು ಮನೆಯ ಫ್ರಿಜ್ಜಿಗೆ ಮರಳಿ ಸೇರಿಸಿಕೊಳ್ಳುವ ಬಗ್ಗೆ.

ಉಲ್ಲೇಖ: ೧. ತಮ್ಮ ಮೌಖಿಕ ಆದೇಶ, ಕಳೆದ ಏಕಾದಶಿ ಬೆಳಿಗ್ಗೆ, ಕಾಫಿಗೆ ಮುಂಚೆ.
೨. ಅರ್ಜಿದಾರನ ಅಣ್ಣನ ಮಗಳು ಹಂಸಳ ಒಂಬತ್ತನೇ ತರಗತಿಯ ಜೀವಶಾಸ್ತ್ರ ಪುಸ್ತಕ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರನು ಕೈಮುಗಿದು ಅರಿಕೆ ಮಾಡಿಕೊಳ್ಳುವುದೇನೆಂದರೆ:

೧. ಸದರಿ ಅರ್ಜಿದಾರನು ಆರು ವರ್ಷದಿಂದ ಸ್ಪಂಜಿನ ಸಂಶೋಧನೆ ಮಾಡುತ್ತಿದ್ದು, ಇನ್ನೂ ಡಾಕ್ಟರ್ ಆಗಿರುವುದಿಲ್ಲ. ಭಟ್ಕಳದ ಕಡಲಿಂದ ತಂದ ಹನ್ನೆರಡು ಕೆಜಿ ಸ್ಪಂಜನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಸೋಸಿ, ಬತ್ತಿಸಿ, ಮತ್ತೆ ಸೋಸಿದ ಮೇಲೆ ದಕ್ಕಿದ್ದು ಚಿಟಿಕೆಗೂ ಸಾಲದ ಬಿಳಿ ಪುಡಿ. ಅದನ್ನು ನೋಡಿ ತಾವು, "ಇಷ್ಟು ಬೆಣ್ಣೆ ಕಾಯ್ಸಿ ಇಷ್ಟೇ ತುಪ್ಪ ತೆಗೆದಿದ್ರೆ ನಮ್ಮತ್ತೆ ನನ್ನ ತವರಿಗೆ ಕಳಿಸ್ತಿದ್ರು" ಎಂದಿರುವುದು ಸರಿಯಷ್ಟೆ. ಕ್ಯಾನ್ಸರ್ ಗಡ್ಡೆ ಬೆಳೆಯುವುದನ್ನು ಈ ಪುಡಿ ತಡೆಯುತ್ತದೆಯೋ ಎಂದು ನೋಡಲು ಹೈದರಾಬಾದಿಗೆ ಕಳಿಸಬೇಕಿದ್ದು, ದಸರಾ ರಜೆ ಮುಗಿಯುವವರೆಗೆ ತಣ್ಣಗಿರಬೇಕಾಗಿದೆ. ಕೆಟ್ಟರೆ ಆರು ವರ್ಷವೂ ನೀರುಪಾಲು. ಕಾಲೇಜಿನ ಫ್ರಿಜ್ಜಿನಲ್ಲಿ ಹಳೆಯ ಉತ್ತರಪತ್ರಿಕೆಗಳಿರುವ ಕಾರಣ, ಶೀಶೆಯನ್ನು ಮನೆಯ ಫ್ರಿಜ್ಜಿನಲ್ಲಿ, ಹೆಪ್ಪಿನ ಬಟ್ಟಲ ಪಕ್ಕ ಇಡಲಾಗಿತ್ತು.

೨. ಇಡುವಾಗ ಇದೇನೆಂದು ತಾವು ಕೇಳಿದ್ದು, ಅರ್ಜಿದಾರನು "ಸ್ಪಂಜು ಅಂದ್ರೆ ಸಮುದ್ರದ ಪಾಚಿ ಕಣಮ್ಮ" ಎಂದಿದ್ದನು. ಏಕಾದಶಿಯ ದಿನ ಹಂಸ ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಾ, ಸ್ಪಂಜು ಗಿಡವಲ್ಲ, ಪ್ರಾಣಿ ಎಂಬ ವಾಕ್ಯವನ್ನು ಮೂರು ಸಲ ಓದಿದಳು. ಮೂರನೆಯ ಸಲಕ್ಕೆ ತಾವು ಕಾಯಿ ತುರಿಯುವುದನ್ನು ನಿಲ್ಲಿಸಿದಿರಿ. ಶೀಶೆಯು ಇಕ್ಕಳದ ಮುಖಾಂತರ ಹಿತ್ತಲ ಕಟ್ಟೆಗೆ ಹೋಯಿತು. ಫ್ರಿಜ್ಜು ಎರಡು ಸಲ ತೊಳೆಯಲ್ಪಟ್ಟಿತು. ಹೆಪ್ಪು ಚೆಲ್ಲಿ, ಪಕ್ಕದ ಮನೆಯಿಂದ ಹೊಸ ಹೆಪ್ಪು ತರಲಾಯಿತು.

೩. ಈಗ ಅದು ಪ್ರಾಣಿಯಲ್ಲ, ಪ್ರಾಣಿಯಿಂದ ಬಂದ ವಸ್ತು, ಹಾಲೂ ಹಾಗೇ ತಾನೆ ಎಂದು ಅರ್ಜಿದಾರನು ವಾದಿಸಿದನು. ಅದಕ್ಕೆ ತಾವು, "ಕರೆದ್ಮೇಲೂ ಹಸು ಕೊಟ್ಟಿಗೇಲಿ ನಿಂತಿರತ್ತೆ ಕಣೋ. ನಿನ್ನ ಸ್ಪಂಜು ಎಲ್ಲಿ ನಿಂತಿದೆ, ತೋರ್ಸು" ಎಂದಿರಿ. ಎಸ್‌ಟಿಡಿ ಮಾಡಿ ವಿಚಾರಿಸಲಾಗಿ, ಇದಕ್ಕೆ ಅರ್ಜಿದಾರನ ಗೈಡ್ ಬಳಿಯೂ ಉತ್ತರ ಇರುವುದಿಲ್ಲ.

೪. ಕಾರಣ, ಶೀಶೆಯು ಸದ್ಯ ಬಸ್ ಸ್ಟ್ಯಾಂಡಿನ ಪುಟ್ಟಸ್ವಾಮಿಯ ಕೂಲ್‌ಡ್ರಿಂಕ್ಸ್ ಅಂಗಡಿಯಲ್ಲಿದೆ. "ಬಾದಾಮಿ ಆಲಿನ ಇಂದ್ಗಡೆ ಇಕ್ಕಿವ್ನಿ, ಯಾರೂ ಮುಟ್ಟಾಕಿಲ್ಲ ಸಾ. ಆದ್ರೆ ಬಾಗ್ಲಾಕುವಾಗ ಸ್ವಿಚ್ಚು ಆರಿಸ್ಬುಡ್ತೀನಿ ಕಣ್ ಸಾ, ಅಷ್ಟೊತ್ನಲ್ಲಿ ಯಾರ್ ಕುಡೀತಾರೆ" ಎಂದು ಅವನು ತಿಳಿಸಿರುತ್ತಾನೆ.

೫. ಈ ನಡುವೆ, "ಪ್ರಾಣಿ ಅಂತ ನಿನಗೆ ಮೊದ್ಲೇ ಗೊತ್ತಿತ್ತಾ?" ಎಂದು ತಾವು ಕೇಳಿದ್ದಕ್ಕೆ ಅರ್ಜಿದಾರನು ತಲೆ ತಗ್ಗಿಸಿದ್ದು, "ಹಾಗಾದ್ರೆ ಇನ್ಮೇಲೆ ಬಾಯಿಮಾತು ಬೇಡ. ಏನಿದ್ರೂ ಬರೆದುಕೊಡು" ಎಂದು ತಾವು ಆದೇಶಿಸಿದಿರಿ. ಅಂದಿನಿಂದ ಒಂಬತ್ತು ದಿನ, ಅರ್ಜಿದಾರನು ಎದುರಿಗೇ ಕೂತು ಉಣ್ಣುತ್ತಿದ್ದರೂ, ಅವನಿಗೆ ಹುಳಿ ಬೇಕೋ ಬೇಡವೋ ಎಂಬುದನ್ನು ಹಂಸಳ ಮೂಲಕವೇ ವಿಚಾರಿಸಲಾಗುತ್ತಿದೆ. ಹಂಸ ಕೆಲವು ಸಲ ಕೇಳುವುದನ್ನು ಮರೆಯುತ್ತಾಳೆ.

ಆದ್ದರಿಂದ ಅರ್ಜಿದಾರನು ಬರೆದುಕೊಡುವುದೇನೆಂದರೆ, ಗೊತ್ತಿತ್ತು. ಆರು ವರ್ಷದಿಂದಲೂ ಗೊತ್ತಿತ್ತು. ನಿಜ ಹೇಳಿದರೆ ತಾವು ಒಪ್ಪುವುದಿಲ್ಲವೆಂಬ ಭಯದ ಕಾರಣ ಪಾಚಿ ಎನ್ನಲಾಯಿತು. ತಪ್ಪಾಯಿತು. ಶೀಶೆಯನ್ನು ಎರಡು ಸ್ಟೀಲ್ ಡಬ್ಬಿಯೊಳಗಿಟ್ಟು, ಹೆಪ್ಪಿನಿಂದ ದೂರ, ಕೆಳಗಿನ ಅಂಕಣದಲ್ಲಿ ಹತ್ತು ದಿನದ ಮಟ್ಟಿಗೆ ಇರಗೊಡಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ
(ವಿಶ್ವಾಸ ತಮ್ಮ ಪರಿಶೀಲನೆಯಲ್ಲಿದೆ),
ಜಯಂತ್

ಲಗತ್ತು: ೧. ಸ್ಟೀಲ್ ಡಬ್ಬಿ, ಎರಡು, ಹೊಸವು.
೨. ಸದರಿ ಜೀವಶಾಸ್ತ್ರದ ಪುಟ. ಅಡಿಗೆರೆ ಅರ್ಜಿದಾರನದೇ.

ವಿ.ಸೂ.: ಪುಡಿಯ ಬಗ್ಗೆ ತಮಗೆ ಸರಿತೋರಿದಂತೆ ತೀರ್ಮಾನಿಸಬಹುದು. ಆದರೆ ಅರ್ಜಿ ತಿರಸ್ಕೃತವಾದಲ್ಲಿ, ಅದನ್ನು ಹಂಸಳ ಮೂಲಕ ತಿಳಿಸದೆ, ತಾವೇ ಖುದ್ದಾಗಿ, ಅರ್ಜಿದಾರನ ಹೆಸರು ಹಿಡಿದು ಬೈದು ತಿಳಿಸಬೇಕಾಗಿ ಕೋರಿಕೆ.