ಚಾ ಆದ ಮೇಲೆ ಕೊಡಬೇಕಾಗಿದ್ದ ಕಾಗದ

ಏಪ್ರಿಲ್ 20, ಶನಿವಾರ. ಬೆಳಿಗ್ಗೆ 9 ಗಂಟೆ 10 ನಿಮಿಷಕ್ಕೆ ಬರೆಯಲು ಕೂತೆ. ಲೆಕ್ಕ ಇಡುವವರನ್ನು ಜನ ಬುದ್ಧಿವಂತರೆಂದು ತಿಳಿಯುತ್ತಾರೆ. ನನ್ನ ಅನುಭವ ಬೇರೆ. ಲೆಕ್ಕ ಇಡುವವನಿಗೆ ತಾನು ಎಷ್ಟು ಸಲ ದಡ್ಡನಾದೆ ಎಂಬುದು ತಾರೀಕು ಸಮೇತ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ. ನನ್ನ ಪುಸ್ತಕದಲ್ಲಿ ಕರೆಂಟು ಹೋದ ಗಂಟೆಗಳಿವೆ, ಬಂಟ್ವಾಳದಿಂದ ಮೂಡುಬಿದಿರೆಯ ಕಾಲೇಜಿಗೆ ಹೋಗುತ್ತಿದ್ದ ಮೂರು ವರ್ಷಗಳಲ್ಲಿ ಬಸ್ಸಿನ ಕಿಟಕಿ ಪಕ್ಕ ಸೀಟು ಸಿಕ್ಕಿದ ಹನ್ನೊಂದು ದಿನಗಳಿವೆ. ಕೊನೆಯ ಪುಟದಲ್ಲಿ ಹೆಜ್ಜೆಗಳಿವೆ.

ಹೆಜ್ಜೆ ಎಂದರೆ, ನಮ್ಮ ಮಸೀದಿಯ ಹಿಂದಿನ ದಫನ ಭೂಮಿಯಲ್ಲಿ ಬಾಪನ, ಅಂದರೆ ನನ್ನ ತಂದೆಯ, ಗೋರಿಯಿಂದ ನೇತ್ರಾವತಿಯ ದಂಡೆಯ ಅಂಚಿನವರೆಗಿನ ಹೆಜ್ಜೆ. ಬಾಪನನ್ನು ಮಣ್ಣು ಮಾಡಿದ ವರ್ಷ ಹದಿನಾಲ್ಕಿತ್ತು. ಪ್ರತಿ ಮಳೆಗಾಲ ಹೊಳೆ ಒಂದೋ ಎರಡೋ ಹೆಜ್ಜೆಯಷ್ಟು ಮಣ್ಣನ್ನು ಕೊಂಡುಹೋಗುತ್ತದೆ. ಈಗ ಆರು. ಹೆಂಗಸರು ಅಲ್ಲಿಗೆ ಹೋಗುವ ರೂಢಿ ನಮ್ಮಲ್ಲಿಲ್ಲ, ಹಾಗಾಗಿ ಉಮ್ಮ ನನ್ನ ಲೆಕ್ಕವನ್ನೇ ನಂಬಿದ್ದಾರೆ. "ಎಷ್ಟುಂಟು ಮಗಾ?" ಎಂದು ಕೇಳುತ್ತಾರೆ. "ಹತ್ತುಂಟು ಉಮ್ಮ" ಎನ್ನುತ್ತೇನೆ. ಮೂರು ವರ್ಷದಿಂದ ಹತ್ತೇ ಉಂಟು. ಪುಸ್ತಕದಲ್ಲಿ ಇಲ್ಲದ ಸಂಖ್ಯೆ ಅದೊಂದೇ.

ದಂಡೆಗೆ ತಡೆಗೋಡೆ ಬೇಕು. ಅದನ್ನು ಯಾರಲ್ಲಿ ಕೇಳಬೇಕೋ ಅವರು ನಮ್ಮ ಬಳಿಗೆ ತಾವಾಗಿ ಬರುವುದು ಚುನಾವಣೆಯ ಸಮಯದಲ್ಲಿ ಮಾತ್ರ. ಹಿಂದೆ ಮೂರು ಸಲ ಅಭ್ಯರ್ಥಿಗಳು ಮಸೀದಿಗೆ ಬಂದರು, ಮೂರು ಸಲವೂ ಗೋಡೆಗಾಗಿ ಬರೆದ ಮನವಿ ನಮ್ಮಲ್ಲೇ ಉಳಿಯಿತು. ಕಾರಣ ಚಾ. ಬಂದವರು ಹೊಟ್ಟೆಗೆ ಏನಾದರೂ ಹಾಕುವ ಮೊದಲು ಅವರಲ್ಲಿ ಏನನ್ನೂ ಕೇಳಬಾರದು ಎಂಬುದು ನಮ್ಮ ಜಮಾಅತಿನ ಮರ್ಯಾದೆ. ಲೋಟ ಕೆಳಗಿಟ್ಟ ಕೂಡಲೇ ಎದ್ದು ಹೋಗುವುದು ಅಭ್ಯರ್ಥಿಗಳ ಮರ್ಯಾದೆ. ಇವೆರಡರ ನಡುವೆ ಒಂದು ಕಾಗದ ತೂರುವಷ್ಟೂ ಸಂದಿ ಇಲ್ಲ.

ಈ ಸಲ ಕಮಿಟಿಯ ಅಧ್ಯಕ್ಷರಾದ ಹಸನಾಕರಿಗೆ ಹೆಜ್ಜೆಯ ಲೆಕ್ಕ ತೋರಿಸಿದೆ. "ಗೇಟಿನಲ್ಲೇ ಕೊಡುವ. ಚಾ ಮತ್ತೆ" ಎಂದೆ.

"ಗೇಟಿನಲ್ಲಾ? ಅವರೇನು ಪೋಸ್ಟ್‌ಮ್ಯಾನಾ ಮಾರಾಯ?" ಎಂದರು. ಮತ್ತೆ ಆರು ಎಂಬುದರ ಮೇಲೆ ಬೆರಳಿಟ್ಟರು. ಅವರ ಅಣ್ಣ ಮಲಗಿರುವುದೂ ಅದೇ ಸಾಲಿನಲ್ಲಿ. "ಆಯ್ತು, ನೀನೇ ಕೊಡು. ನನಗೆ ಬಾಯಿ ಬರುವುದಿಲ್ಲ."

ನಿನ್ನೆ ಜುಮಾ ನಮಾಜು ಮುಗಿದು ಕಾಲು ಗಂಟೆಗೆ ಐದು ಕಾರುಗಳು ಬಂದವು. ನಾನು ಮನವಿ ಹಿಡಿದು ಗೇಟಿನಲ್ಲಿ ನಿಂತಿದ್ದೆ. ಅಭ್ಯರ್ಥಿ ಇಳಿದರು. ಅಂಗಿ ಬೆನ್ನಿಗೆ ಅಂಟಿತ್ತು, ಮುಖ ಬಾಡಿತ್ತು. ಬಾಪ ಇದ್ದಿದ್ದರೆ ಹೆಚ್ಚುಕಡಿಮೆ ಅದೇ ಪ್ರಾಯ. ನನ್ನ ಭುಜದ ಮೇಲೆ ಕೈಯಿಟ್ಟು, "ಏನು, ಎಲ್ಲ ಸೌಖ್ಯವಾ? ಏನಾದರೂ ಆಗಬೇಕಿತ್ತಾ?" ಎಂದು ಕೇಳಿದರು. ಹಿಂದಿನ ಮೂವರಲ್ಲಿ ಒಬ್ಬರೂ ಕೇಳದ ಪ್ರಶ್ನೆ.

"ಸೌಖ್ಯ ಸರ್" ಎಂದೆ. "ಮೊದಲು ಒಂದು ಚಾ ಕುಡಿಯುವ. ಮತ್ತೆ ಮಾತಾಡುವ."

ಆಗ ಹಸನಾಕ ನನ್ನನ್ನು ನೋಡಿದ ನೋಟವನ್ನು ಬರೆದಿಡಲು ಪುಸ್ತಕದಲ್ಲಿ ಕಾಲಂ ಇಲ್ಲ.

ಮದರಸದ ಜಗಲಿಯಲ್ಲಿ ಕೂರಿಸಿದೆವು. 1 ಗಂಟೆ 52 ನಿಮಿಷಕ್ಕೆ ಕರೆಂಟು ಹೋಯಿತು. ಅತಿಥಿ ಬೆವರುವುದನ್ನು ನೋಡುತ್ತಾ ನಿಲ್ಲಲು ನನ್ನಿಂದಾಗಲಿಲ್ಲ. ಕೈಯಲ್ಲಿದ್ದ ಕಾಗದದಿಂದ ಗಾಳಿ ಹಾಕತೊಡಗಿದೆ. ಎರಡು ಹಾಳೆ, ಕೆಳಗೆ ನಲವತ್ತೊಂದು ಸಹಿ, ಸ್ವಲ್ಪ ದಪ್ಪವೇ ಇತ್ತು. "ಹಾ, ಒಳ್ಳೆ ಗಾಳಿ" ಎಂದು ಅವರು ಕಣ್ಣು ಮುಚ್ಚಿದರು. ಸಮೋಸ ಎರಡು, ಚಾ ಒಂದು. ಲೋಟ ಕೆಳಗಿಟ್ಟರು. "ಬೆಳ್ತಂಗಡಿಯಲ್ಲಿ ಸಭೆ ಉಂಟು, ಇನ್ನೊಮ್ಮೆ ಬರುತ್ತೇನೆ" ಎಂದು ಎದ್ದರು. ಒಟ್ಟು ಹದಿಮೂರು ನಿಮಿಷ. ಕಾರುಗಳು ತಿರುವು ದಾಟಿದ ಮೇಲೂ ನನ್ನ ಕೈ ಬೀಸುತ್ತಲೇ ಇತ್ತು.

"ಪೋಸ್ಟ್‌ಮ್ಯಾನಿಗಾದರೂ ಕಾಗದ ಕೊಡ್ತಾರೆ" ಎಂದು ಹೇಳಿ ಹಸನಾಕ ಲೋಟಗಳನ್ನು ಒಟ್ಟು ಮಾಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಇವತ್ತು ಪೇಪರಿನಲ್ಲಿ ಫೋಟೋ ಬಂದಿದೆ. ಬೀಸುವ ಕೈ ಫೋಟೋದಲ್ಲಿ ನಿಂತುಬಿಟ್ಟಿದೆ, ಕಾಗದ ಅಭ್ಯರ್ಥಿಯ ಎದೆಯ ಮುಂದಿದೆ. ಕೆಳಗೆ, ಜಮಾಅತಿನ ಯುವಕರು ಮನವಿ ಸಲ್ಲಿಸಿದರು ಎಂದಿದೆ. ಉಮ್ಮ ಅದನ್ನು ಕತ್ತರಿಯಿಂದ ನೀಟಾಗಿ ಕತ್ತರಿಸಿ ಕಪಾಟಿನಲ್ಲಿ ಬಾಪನ ಕನ್ನಡಕದ ಪಕ್ಕ ಇಟ್ಟರು.

"ಅಂತೂ ಕೊಟ್ಟೆಯಲ್ಲ ಮಗಾ. ಇನ್ನು ಹತ್ತರಲ್ಲೇ ನಿಲ್ಲುತ್ತದೆ" ಎಂದರು.

"ಹೌದು ಉಮ್ಮ. ಹತ್ತರಲ್ಲೇ" ಎಂದೆ.

ಮನವಿ ಈಗ ಈ ಪುಸ್ತಕದೊಳಗಿದೆ, ಮೂಲೆಯಲ್ಲಿ ಬೆರಳಿನ ಬೆವರಿನ ಗುರುತು. ಮಳೆಗೆ ಇನ್ನು ಆರು ವಾರ ಉಂಟು, ಹೆಜ್ಜೆಯೂ ಆರೇ. ಇಷ್ಟು ಮಾತ್ರ ಉಳಿದ ದಂಡೆಯನ್ನು ಗೋಡೆಯಿಲ್ಲದೆ ಒಂದು ಮಳೆಗಾಲ ಹಿಡಿದು ನಿಲ್ಲಿಸುವ ಉಪಾಯ ಇದನ್ನು ಓದುವ ನಿಮ್ಮಲ್ಲಿ ಯಾರಿಗಾದರೂ ತಿಳಿದಿದ್ದರೆ ದಯವಿಟ್ಟು ಬರೆದು ತಿಳಿಸಿ. ಬರೆದೇ ತಿಳಿಸಿ. ಮನೆಗೆ ಬಂದರೆ, ಮೊದಲು ಒಂದು ಚಾ ಕುಡಿಯುವ ಎಂದುಬಿಡುತ್ತೇನೆ.