ಸೈಟೇಶನ್ನಿನ ಮುಯ್ಯಿ

ಬಾವಲಿಗಳ ವೈರಸ್ಸಿನ ಮೇಲೆ ಅರ್ಧ ಆಯುಷ್ಯ ಸವೆಸಿದ ನನಗೆ ಒಂದು ಪ್ರಮೋಷನ್ ಪಡೆಯುವುದು ಯಾವ ಮಹಾ ಕೆಲಸ ಎಂದುಕೊಂಡಿದ್ದೆ. ಅರ್ಜಿ ಹಾಕಿದೆ. ಆಫೀಸು ವಾಪಸ್ ಕಳಿಸಿತು. ಲೇಖನಗಳೇನೋ ಬೇಕಾದಷ್ಟಿವೆ, ಸೈಟೇಶನ್ ಸಾಲದಂತೆ. ಅಂದರೆ, ಬೇರೆ ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ನನ್ನ ಲೇಖನದ ಹೆಸರು ಹೇಳಿಲ್ಲ. ಹೇಳಿದವನು ಒಬ್ಬನೇ, ಅದು ನಾನೇ! ಮುಂದಿನ ಸಲವೂ ಹೀಗೇ ಆದರೆ, ನನ್ನ ಕೈಕೆಳಗೆ ಪಿಎಚ್‌ಡಿ ಮಾಡಿದ ಹುಡುಗಿ ನನ್ನ ಮೇಲಧಿಕಾರಿಯಾಗಿ ನನ್ನ ರಜೆಯ ಅರ್ಜಿಗೆ ಸಹಿ ಹಾಕುವವಳಿದ್ದಳು.

ಹೆಂಡತಿ ಸುಮತಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಉಡುಪಿಯಿಂದ ಮುಂಬಯಿಯ ವಿಲೆ ಪಾರ್ಲೆಗೆ ಬಂದು ನೆಂಟರಿಷ್ಟರ ಮದುವೆಗಳನ್ನೆಲ್ಲ ನಿಭಾಯಿಸಿದವಳು ಅವಳು. ತಕ್ಷಣ ಪರಿಹಾರ ಕೊಟ್ಟಳು.

"ಇದು ಮದುವೆ ಮುಯ್ಯಿ ಹಾಗೇ ಅಲ್ವಾ ಮಾರಾಯ್ರೆ? ಮೊದಲು ನೀವು ಯಾರಿಗಾದ್ರೂ ಮಾಡಿ. ಅವರು ತಿರುಗಿ ಮಾಡದೆ ಎಲ್ಲಿಗೆ ಹೋಗ್ತಾರೆ?"

ಇಷ್ಟು ಸರಳ ಉಪಾಯ ಯಾವ ವಿಜ್ಞಾನಿಗೂ ಹೊಳೆದಿಲ್ಲವಲ್ಲ ಎಂದು ಬೀಗಿದೆ. ಮುಯ್ಯಿಗೆ ಆರಿಸಿಕೊಂಡದ್ದು ಬಾಂದ್ರಾದ ಕಾಮತರನ್ನು. ನನ್ನ ಹಳೆಯ ಸಹಪಾಠಿ, ಬಹಳ ಹೆಸರು ಮಾಡಿದವರು. ತೊಡಕು ಒಂದೇ. ಅವರ ಸಂಶೋಧನೆಯೆಲ್ಲ ಪಪ್ಪಾಯಿ ಗಿಡಕ್ಕೆ ಬರುವ ವೈರಸ್ಸಿನ ಮೇಲೆ. ಇರಲಿ, ಮದುವೆ ಮನೆಯಲ್ಲಿ ಉಡುಗೊರೆ ಕೊಟ್ಟವರನ್ನು ಯಾಕೆ ಕೊಟ್ಟಿರಿ ಎಂದು ಯಾರು ಕೇಳುತ್ತಾರೆ? ನನ್ನ ಬಾವಲಿ ಲೇಖನದಲ್ಲಿ ಕಾಮತರ ಪಪ್ಪಾಯಿ ಲೇಖನಗಳನ್ನೆಲ್ಲ ತುರುಕಿದೆ.

ಲೇಖನ ಕಳಿಸಿದ ವಿಜ್ಞಾನ ಪತ್ರಿಕೆಯವರು ಕೇಳಿಯೇಬಿಟ್ಟರು! ಬಾವಲಿಗೂ ಪಪ್ಪಾಯಿಗೂ ಏನು ಸಂಬಂಧ?

ಬಾವಲಿ ಪಪ್ಪಾಯಿ ತಿನ್ನುತ್ತದೆ ಎಂದು ಉತ್ತರಿಸಿದೆ. ಅಷ್ಟಕ್ಕೇ ಸುಮ್ಮನಿರದೆ, ಪಪ್ಪಾಯಿ ರೋಗವನ್ನು ತೋಟದಿಂದ ತೋಟಕ್ಕೆ ಬಾವಲಿಯೇ ಹೊತ್ತೊಯ್ಯುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ ಎಂದು ಗಂಭೀರವಾಗಿ ಒಂದು ವಾಕ್ಯ ಸೇರಿಸಿದೆ. ಲೇಖನ ಅಚ್ಚಾಯಿತು.

ತಿಂಗಳುಗಳು ಕಳೆದರೂ ಕಾಮತರ ಕಡೆಯಿಂದ ಮುಯ್ಯಿ ಬರಲಿಲ್ಲ. ನನಗೆ ಮೈ ಉರಿಯಿತು. ಸುಮತಿ ಒಂದು ಬಾಕ್ಸ್ ಕಾಜು ಕತ್ಲಿ ಕೈಗಿತ್ತು, ಹೋಗಿ ನೆನಪು ಮಾಡಿ ಬನ್ನಿ ಎಂದಳು. ಕಾಮತರು ಪ್ರೀತಿಯಿಂದ ಕಾಫಿ ಕೊಟ್ಟರು. ನನ್ನ ಲೇಖನವನ್ನು ಇನ್ನೂ ನೋಡಿಲ್ಲವೆಂದರು. ದಯವಿಟ್ಟು ಪೂರ್ತಿ ಓದಿ ಎಂದು ಬೇಡಿಕೊಂಡವನು ನಾನೇ.

ಓದಿದರು! ಅವರ ಮುಂದಿನ ಲೇಖನದಲ್ಲಿ ನನ್ನ ಹೆಸರಿತ್ತು. ಸಂಭ್ರಮದಿಂದ ಸುಮತಿಯನ್ನು ಕರೆದು ಗಟ್ಟಿಯಾಗಿ ಓದಿ ಕನ್ನಡದಲ್ಲಿ ಅರ್ಥ ಹೇಳತೊಡಗಿದೆ. ಪಪ್ಪಾಯಿಯ ಈ ವೈರಸ್ಸನ್ನು ಹರಡುವುದು ಗಿಡದ ಹೇನು, ಬಾವಲಿಯಲ್ಲ, ಇದು ಕಾಲೇಜು ಮಕ್ಕಳಿಗೂ ಗೊತ್ತಿರುವ ವಿಷಯ ಎಂಬಲ್ಲಿಗೆ ಬರುವಾಗ ನನ್ನ ಸ್ವರ ಸಣ್ಣಗಾಯಿತು. ಮುಂದಿನ ವಾಕ್ಯದ ಅರ್ಥ ಹೇಳಲಿಲ್ಲ.

ಅಲ್ಲಿಗೆ ಮುಗಿಯಲಿಲ್ಲ. ಕಾಮತರನ್ನು ಓದಿದವರೆಲ್ಲ ನನಗೂ ಎರಡೇಟು ಹಾಕಿಯೇ ಮುಂದೆ ಹೋದರು. ನಾನು ಕಂಡು ಕೇಳರಿಯದ ದೇಶಗಳ ಪಪ್ಪಾಯಿ ಪಂಡಿತರು, ಲೇಖನ ಹೇಗೆ ಬರೆಯಬಾರದು ಎಂಬುದಕ್ಕೆ ನನ್ನ ಉದಾಹರಣೆ ಕೊಟ್ಟರು. ನಾಚಿಕೆಯಿಂದ ಕ್ಯಾಂಟೀನಿಗೆ ಹೋಗುವುದನ್ನೇ ಬಿಟ್ಟೆ.

ಪ್ರಮೋಷನ್ನಿಗೆ ಮತ್ತೆ ಅರ್ಜಿ ಹಾಕಿದ್ದೆ; ಇಂಟರ್‌ವ್ಯೂ ದಿನ ಬೆವರುತ್ತಾ ಕುಳಿತೆ. ಆಯ್ಕೆ ಸಮಿತಿಯ ಅಧ್ಯಕ್ಷರು ಕಂಪ್ಯೂಟರಿನ ಪರದೆ ನೋಡಿ ಹುಬ್ಬೇರಿಸಿದರು. ನನ್ನ ಸೈಟೇಶನ್ ಗೆರೆ ನೆಟ್ಟಗೆ ಮೇಲಕ್ಕೆ ಹೋಗಿತ್ತು. ಹೊಗಳಿದ್ದೋ ಉಗಿದದ್ದೋ, ಪಾಪ, ಆ ಯಂತ್ರಕ್ಕೇನು ಗೊತ್ತು? ಈ ಲೇಖನ ಬಹಳ ಚರ್ಚೆ ಹುಟ್ಟಿಸಿದೆಯಂತೆ ಎಂದರು ಅಧ್ಯಕ್ಷರು. ಹೌದು ಸರ್, ಚರ್ಚೆ ಇನ್ನೂ ನಿಂತಿಲ್ಲ ಎಂದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಪ್ರಮೋಷನ್ ಸಿಕ್ಕಿತು. ಮನೆಗೆ ಬಂದು ಹೇಳಿದೆ. ಖುಷಿಪಡಬೇಕೋ ಅಳಬೇಕೋ ತಿಳಿಯದೆ ಸೋಫಾದ ಮೇಲೆ ಕುಕ್ಕರಿಸಿದೆ. ಸುಮತಿ ಒಳಗಿಂದ ಕಾಜು ಕತ್ಲಿಯ ಎರಡು ಬಾಕ್ಸ್ ತಂದು ಮುಂದಿಟ್ಟಳು.

"ಒಂದು ನಮಗಾ?" ಎಂದು ಆಸೆಯಿಂದ ಕೇಳಿದೆ.

"ಎರಡೂ ಕಾಮತರಿಗೆ. ಅಷ್ಟು ದೊಡ್ಡ ಮುಯ್ಯಿ ಮಾಡಿದ್ದಾರೆ, ಬರಿಗೈಲಿ ಹೋಗ್ಲಿಕ್ಕುಂಟಾ?"

ನನ್ನನ್ನು ಲೋಕದೆದುರು ದಡ್ಡನೆಂದು ಸಾಬೀತು ಮಾಡಿದವರಿಗೆ ಥ್ಯಾಂಕ್ಸ್ ಹೇಳಲು, ಎರಡೂ ಬಾಕ್ಸ್ ಎದೆಗವಚಿಕೊಂಡು ಬಾಂದ್ರಾದ ಲೋಕಲ್ ರೈಲು ಹತ್ತಿದೆ.