ಕಬ್ಬಿನೊಳಗಿಂದ ಬಂದ ಕರೆ

ಕಬ್ಬಿನ ಸುಗ್ಗಿಯಲ್ಲಿ ಸಂಚಾರಿ ದವಾಖಾನೆಯ ವ್ಯಾನು ಓಡಿಸುವವನಿಗೆ ಇಂಥವೆಲ್ಲ ಆಗುತ್ತಲೇ ಇರುತ್ತವೆ. ಏನೂ ಆಗದ ದಿನ ನಾನೇ ವ್ಯಾನು ನಿಲ್ಲಿಸಿ, ಏನು ಕೆಟ್ಟಿದೆಯೋ ಎಂದು ಬಾನೆಟ್ ಎತ್ತಿ ನೋಡುತ್ತೇನೆ.

ನಾನು ಚಿಮ್ಮಡದ ಹುಡುಗ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಈ ನಾಕೂ ತಾಲೂಕಿನಲ್ಲಿ ನನಗೆ ಗೊತ್ತಿಲ್ಲದ ಹೊಲದ ದಾರಿಯಿಲ್ಲ. ಜಂಬ ಅಂದುಕೊಳ್ಳಿ, ಅಡ್ಡಿಯಿಲ್ಲ. ಖರೆ ಇದ್ದದ್ದಕ್ಕೆ ಜಂಬ ಪಡಲು ಯಾರ ಅಪ್ಪಣೆ ಬೇಕು? ಮಹಾರಾಷ್ಟ್ರದ ಕಡೆಯಿಂದ ಕಬ್ಬು ಕಡಿಯಲು ಬಂದು ಹೊಲದಲ್ಲೇ ಗುಡಿಸಲು ಹಾಕಿಕೊಂಡವರಿದ್ದಾರಲ್ಲ, ಅವರು ದವಾಖಾನೆಗೆ ಬರುವುದಿಲ್ಲ, ಅದಕ್ಕೇ ದವಾಖಾನೆಯೇ ಅವರ ಹತ್ತಿರ ಹೋಗುತ್ತದೆ. ವ್ಯಾನಿನಲ್ಲಿ ಇಬ್ಬರೇ. ಓಡಿಸಲು ನಾನು, ಉಳಿದದ್ದಕ್ಕೆಲ್ಲ ಸಿಸ್ಟರ್ ಬಾಯಿ. ಅವರು ಜಮಖಂಡಿಯವರು. ಮನೆಯಲ್ಲಿ ಮಾತಾಡುವುದು ಮರಾಠಿ, ನನ್ನನ್ನು ಬೈಯುವುದು ಕನ್ನಡ.

ಊರೇ ಇಲ್ಲ

ಸಖೂನನ್ನು ಮೊದಲು ನೋಡಿದ್ದು ನಮ್ಮ ಚಿಮ್ಮಡದ ಹತ್ತಿರದ ಒಂದು ಹೊಲದಲ್ಲಿ. ತುಂಬು ಬಸುರಿ, ತಲೆಯ ಮೇಲೆ ಕಬ್ಬಿನ ಹೊರೆ. ಕಾಲು ಬಾತು ಬೋರಲು ಹಾಕಿದ ಕೊಡದಂತಾಗಿದ್ದವು. ಬಿ.ಪಿ. ನೋಡಿದ ಸಿಸ್ಟರ್ ಬಾಯಿಯ ಮುಖ ಸಣ್ಣದಾಯಿತು.

"ಇಕಿ ಮೊದಲಿನ ಕೂಸು ಹೊಟ್ಟ್ಯಾಗ ಹೋಗೈತಿ. ಈ ಸಲ ಹೆರಿಗಿ ಹೊಲದಾಗ ಆತಂದ್ರ ತಾಯಿನೂ ಉಳಿಯಂಗಿಲ್ಲ, ಕೂಸೂ ಉಳಿಯಂಗಿಲ್ಲ. ಮುಂದಿನ ಸಲ ಬಂದಾಗ ಒಪ್ಪಿಸಿ ದವಾಖಾನಿಗೆ ಒಯ್ಯೋದ. ಜಾಗಾ ನೆನಪಿಟ್ಕೊ."

"ಏ, ಕಣ್ಣು ಕಟ್ಟಿ ಬಿಟ್ರೂ ಬರ್ತೀನಿ ತಗೋರಿ" ಅಂದೆ.

ಮುಂದಿನ ವಾರ ಹೋದೆವು. ಎತ್ತರದ ಕಬ್ಬು ಮುಗಿದ ಮೇಲೆ ಎಡಕ್ಕೆ ತಿರುಗಬೇಕು, ಅದು ನನ್ನ ಗುರುತು. ಆದರೆ ಕಬ್ಬೇ ಇರಲಿಲ್ಲ. ಕಣ್ಣು ಹೋದಲ್ಲೆಲ್ಲ ಬೋಳು ನೆಲ. ಕಬ್ಬು ಹೋಗಿದ್ದಕ್ಕೆ ತಿರುವೂ ಹೋಗಿತ್ತು, ಗುಡಿಸಲುಗಳೂ ಹೋಗಿದ್ದವು. ನೆಲದ ಮೇಲೆ ಗುಂಡಗೆ ಒತ್ತಿದ ಗುರುತು, ಮೂರು ಮೂರು ಒಲೆಗಲ್ಲು. ಕೈ ಇಟ್ಟು ನೋಡಿದೆ, ಕಲ್ಲು ಇನ್ನೂ ಬೆಚ್ಚಗಿದ್ದವು. ಬದುವಿನ ಬೇವಿನ ಮರಕ್ಕೆ ತೊಟ್ಟಿಲು ಕಟ್ಟಿದ ಹಗ್ಗ ಉಳಿದಿತ್ತು. ಗಾಳಿಯಿರಲಿಲ್ಲ. ಹಗ್ಗ ಮಾತ್ರ ತೂಗುತ್ತಿತ್ತು.

ಆಡು ಕಾಯುತ್ತಿದ್ದ ಮುದುಕನನ್ನು ಕೇಳಿದೆ. "ಯಜ್ಜಾ, ಇಲ್ಲಿದ್ದ ಮಂದಿ ಎಲ್ಲಿ ಹೋದ್ರು?"

ಮುದುಕ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮಂದಿ ಯಾರಿದ್ರೋ ಇಲ್ಲಿ? ಇಲ್ಲಿ ಬರೇ ಕಬ್ಬಿತ್ತು."

ನಾನು ಇನ್ನೊಮ್ಮೆ ಒಲೆಗಲ್ಲು ಮುಟ್ಟಿ ನೋಡಿದೆ. ಸಿಸ್ಟರ್ ಬಾಯಿ ವ್ಯಾನಿನಿಂದಲೇ ಅಂದರು, "ಕಣ್ಣು ಕಟ್ಟಬೇಕಿತ್ತೋ ತಮ್ಮಾ. ತಗದು ಬಂದ್ವಿ, ಅದಕ್ಕ ಸಿಗಲಿಲ್ಲ."

ಕೆಮ್ಮುವ ಕಬ್ಬು

ನಾನು ಸುಮ್ಮನೆ ಬಿಡುವ ಆಳಲ್ಲ. ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಗೆ ಕಬ್ಬು ಹೇರಿಕೊಂಡು ಹೊರಟ ಟ್ರ್ಯಾಕ್ಟರಿನವರನ್ನು ಒಬ್ಬೊಬ್ಬರನ್ನಾಗಿ ಹಿಡಿದು ಕೇಳಿ, ಆ ಗ್ಯಾಂಗು ಮುಧೋಳದ ಕಡೆ ಇದೆ ಎಂದು ಪತ್ತೆ ಹಚ್ಚಿದೆ. ಹೊಲ ಮುಟ್ಟಿದಾಗ ಕಬ್ಬಿನೊಳಗೆ ಖಚ್ ಖಚ್ ಎಂದು ಕಬ್ಬು ಕಡಿಯುವ ಕತ್ತಿ, ಕೊಯ್ತಾ, ಆಡುವ ಸಪ್ಪಳ. ಗೆದ್ದೆ ಎಂದು ಜೋರಾಗಿ ಹಾರ್ನ್ ಹೊಡೆದೆ.

ಸಪ್ಪಳ ನಿಂತಿತು. ಒಮ್ಮೆಲೇ, ಎಲ್ಲ ಕಡೆಗೂ.

ಗುಡಿಸಲ ಮುಂದೆ ಒಲೆ ಉರಿಯುತ್ತಿದೆ, ಹೆಂಚಿನ ಮೇಲೆ ರೊಟ್ಟಿ ಇದೆ, ನರಪಿಳ್ಳೆ ಇಲ್ಲ. ಕಬ್ಬಿನ ಗರಿಗಳ ನಡುವೆ ಯಾರೋ ನಮ್ಮನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಎಡಕ್ಕೆ ಕಬ್ಬು ಕೆಮ್ಮಿತು. ಅದಕ್ಕೆ ಉತ್ತರ ಕೊಟ್ಟಂತೆ ಬಲಕ್ಕೆ ಕೆಮ್ಮಿತು. ಆಮೇಲೆ ದೂರದಲ್ಲಿ, ನಟ್ಟನಡುವೆ. ನನ್ನ ತಲೆಗೂದಲು ನೆಟ್ಟಗಾದವು. ಅವತ್ತು ಎಣ್ಣೆ ಹಚ್ಚಿರಲಿಲ್ಲ, ಅದಕ್ಕೆ.

"ಏನ್ ಬಾಯಿ ಇದು? ದೆವ್ವಕ್ಕೂ ನೆಗಡಿ ಆಗತೈತೇನ್ರಿ?"

"ದೆವ್ವ ಅಲ್ಲೋ, ಹೆದರಿಕಿ" ಅಂದರು ಸಿಸ್ಟರ್ ಬಾಯಿ. "ಇವರಲ್ಲಿ ಗಂಡ-ಹೆಂಡತಿ ಕೂಡಿ ಒಂದು ಕೊಯ್ತಾ. ಒಬ್ಬರು ಜಡ್ಡು ಅಂತ ದವಾಖಾನಿಗೆ ಹೋದ್ರ ಉಳದಾಂವ ಅರ್ಧ ಕೊಯ್ತಾ. ಅರ್ಧ ಕೊಯ್ತಾಕ್ಕ ಮುಕಾದಮ ಕೆಲಸಾ ಕೊಡಂಗಿಲ್ಲ, ಊರಿಗೆ ನಡೀರಿ ಅಂತಾನ. ಅದಕ್ಕ ನಮ್ಮ ವ್ಯಾನು ಕಂಡ್ರ ಅಡಗತಾರ."

ಗ್ಯಾಂಗಿನ ಮುಖಂಡ ಮುಕಾದಮ ಅವತ್ತು ಫ್ಯಾಕ್ಟರಿಗೆ ಹೋಗಿದ್ದ. ಆದರೂ ಹೊರಗೆ ಯಾರೂ ಬರಲಿಲ್ಲ. ಸಿಸ್ಟರ್ ಬಾಯಿ ಮರಾಠಿಯಲ್ಲಿ ಕರೆದರು, ಬೇಡಿಕೊಂಡರು, ಹೆದರಿಸಿದರು. ಕಬ್ಬು ಕೆಮ್ಮುವುದನ್ನೂ ಬಿಟ್ಟಿತು. ಒಲೆಯ ಕಟ್ಟಿಗೆ ಮಾತ್ರ ಚಿಟಗುಟ್ಟುತ್ತಿತ್ತು. ಇನ್ನೇನು ಹೊರಡಬೇಕು, ಕಬ್ಬಿನ ಆಳದಿಂದ ಒಂದು ಮುದಿ ಹೆಣ್ಣುದನಿ ಬಂತು, ಅದೂ ನಮ್ಮ ಕಡೆಯ ಕನ್ನಡದಲ್ಲಿ.

"ಬಾಯಿ, ಹೋಗೂದು ಹೊಂಟೀರಿ, ಆ ರೊಟ್ಟಿ ಒಂದೀಟು ತಿರುವಿ ಹಾಕ್ರಿ, ಹೊತ್ತಾಕತ್ತೈತಿ!"

ಹಾರ್ನ್ ಚೀರಿತು

ಆಮೇಲೆ ಉಪಾಯ ತೆಗೆದವನು ನಾನೇ. ಸಂಜೆ ಕೆಲಸ ಬಿಡುವ ಹೊತ್ತಿಗೆ ಹೋಗಿ ಮೈಕಿನಲ್ಲಿ ಹೆಸರು ಹಿಡಿದೇ ಕರೆಯುವುದು. ನನ್ನ ದನಿ ಅಂದರೆ ದನಿ. ಚಿಮ್ಮಡದಲ್ಲಿ ಕೂಗಿದರೆ ಬನಹಟ್ಟಿಯಲ್ಲಿ ಎಮ್ಮೆ ಹೊರಳಿ ನೋಡಬೇಕು.

"ಸಖೂ..." ಎಂದೆ. ಮುಳುಗುವ ಹೊತ್ತು, ಕಬ್ಬೆಲ್ಲ ಕಪ್ಪಗಾಗಿತ್ತು. ಉತ್ತರವಿಲ್ಲ. "ಸಖೂ..." ಎಂದೆ. ಇಲ್ಲ. ಮೈಕು ಇಟ್ಟು ಹೊರಟುಬಂದೆ. ಮರುದಿನವೂ ಹಾಗೇ ಆಯಿತು. ಮೂರನೆಯ ದಿನ ಎರಡು ಸಲ ಕರೆದು, ಹೊರಡೋಣವೆಂದು ಕನ್ನಡಿ ನೋಡಿದೆ. ಕನ್ನಡಿ ತುಂಬ ಒಂದು ಮುಖ. ಬಿಳಿ ಕೂದಲು, ಹಣೆ ತುಂಬ ಕುಂಕುಮ, ಹಲ್ಲಿಲ್ಲದ ಬಾಯಿ.

ನಾನು ಚೀರಲಿಲ್ಲ. ಕೈ ಹಾರ್ನಿನ ಮೇಲೆ ಬಿತ್ತು. ಚೀರಿದ್ದು ಹಾರ್ನ್.

ಸಖೂನ ಅತ್ತೆ ಆಕೆ. ಎಷ್ಟೋ ಸುಗ್ಗಿ ನಮ್ಮ ಕಡೆ ಕಬ್ಬು ಕಡಿದ ಮುದುಕಿ, ಕನ್ನಡ ನನಗಿಂತ ಖಡಕ್. "ಯಾಕೋ ಡ್ರೈವರಾ, ದಿನಾ ಎರಡೇ ಸಲ ಕರದು ಓಡಿ ಹೋಗ್ತಿ? ಮೂರನೇ ಸಲ ಕರೀಯಾಕ ಏನ್ ಧಾಡಿ ನಿನಗ?"

"ಎರಡು ಸಲಕ್ಕ ಓ ಅನ್ನದಾಕಿ ಮೂರನೇ ಸಲಕ್ಕ ಅಂತಾಳೇನು?"

"ಮೂರನೇದಕ್ಕ ಅಂತಾಳ." ಮುದುಕಿ ದನಿ ಇಳಿಸಿದಳು. "ಕಬ್ಬಿನಾಗ ಇರೂದು ಎರಡ ಸಲ ಕರೀತೈತಿ. ಮೂರನೇದಕ್ಕ ಅದಕ್ಕ ಉಸಿರಿಲ್ಲ. ಹಿಂದ ನಮ್ಮ ಗ್ಯಾಂಗಿನ ಹುಡುಗಿ ಒಬ್ಬಾಕಿ ಒಂದ ಕರಿಗೆ ಓ ಅಂದ್ಲು. ಅಂದಾಕಿ ಒಳಗ ಹೋದ್ಲು. ಕಬ್ಬೆಲ್ಲಾ ಕಡದ ಮ್ಯಾಲ ಆಕಿ ಕೊಯ್ತಾ ಸಿಕ್ತು. ಆಕಿ ಸಿಗಲಿಲ್ಲ."

ಸಿಸ್ಟರ್ ಬಾಯಿ ಹಣೆ ಹಣೆ ಬಡಿದುಕೊಂಡರು. ನಾನು ಮೈಕು ತಗೊಂಡು ಮೂರನೇ ಸಲ ಕರೆದೆ. "ಸಖೂ..."

"ಓ..." ನನ್ನ ಮೊಣಕೈ ಹತ್ತಿರವೇ ಬಂತು ದನಿ. ವ್ಯಾನಿನ ಬದಿಗೆ ಕಬ್ಬಿನ ಗರಿ ಹೊದ್ದುಕೊಂಡು ಕುಳಿತಿದ್ದಳು ಪುಣ್ಯಾತ್ಮಳು. ಮೂರೂ ಸಂಜೆ ಹಾಗೇ ಬಂದು ಕುಳಿತಿದ್ದಳಂತೆ, ಮೂರನೇ ಕರೆ ಬರಲಿ ಎಂದು.

ಬಿ.ಪಿ. ಮತ್ತೂ ಏರಿತ್ತು. ಈಗಿಂದೀಗಲೇ ಬಾ ಎಂದರೆ, ಕಬ್ಬಿನಿಂದ ಹೊರಬಂದ ಅವಳ ಗಂಡ ಅರ್ಧ ಕೊಯ್ತಾದ ಮಾತು ತೆಗೆದ. ಕಡೆಗೆ ಮುದುಕಿಯೇ ಸೊಸೆಯ ಕೊಯ್ತಾ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಸೊಸಿ ಬದಲಿ ನಾ ಕಡೀತೀನಿ, ಕೊಯ್ತಾ ಪೂರಾ ಆತಲ್ಲ? ಮುಕಾದಮಗ ನಾ ಹೇಳ್ತೀನಿ. ನಾಳೆ ಗಲಗಲಿ ಹೊಲಕ್ಕ ಹೊಂಟೀವಿ. ನಾಡದು ಮುಂಜಾನಿ ಅಲ್ಲಿಂದ ಕರ್ಕೊಂಡ ಹೋಗ್ರಿ." ಸಿಸ್ಟರ್ ಬಾಯಿ ಮಾತ್ರೆ ಕೊಟ್ಟರು, ಆದರೂ ಅವರಿಗೆ ಸಮಾಧಾನವಾಗಲಿಲ್ಲ.

ಹೊರಡುವಾಗ ನಾನಂದೆ, "ನಿಮ್ಮಂಗ ನಾವಲ್ಲ ಯಮ್ಮಾ. ಚಿಮ್ಮಡದ ಗಂಡಸ್ರು ಒಂದ ಕರಿಗೆ ಓ ಅಂತೀವಿ. ಯಾವ ದೆವ್ವ ಬರತೈತಿ ಬರಲಿ."

ಮುದುಕಿ ಬೊಚ್ಚು ಬಾಯಲ್ಲಿ ನಕ್ಕಳು. "ಛಲೋ. ಒಮ್ಮೆ ಕರದು ನೋಡ್ತೀನಿ."

ಗಲಗಲಿಯ ಮಂಜು

ಮುದುಕಿ ಹೇಳಿದ ದಿನ ಮುಂಜಾನೆ ಗಲಗಲಿ ಹತ್ತಿರ ಹೊಳೆಯಿಂದ ಎದ್ದ ಮಂಜು ರಸ್ತೆಯನ್ನು ನುಂಗಿಬಿಟ್ಟಿತ್ತು. ಹೊತ್ತು ಏರಿದ್ದರೂ ನನ್ನ ವ್ಯಾನಿನ ಮೂತಿ ನನಗೇ ಕಾಣುತ್ತಿರಲಿಲ್ಲ. ದಾರಿ ಗೊತ್ತಿತ್ತು, ಎರಡೂ ಕಡೆ ಕಬ್ಬು ಇದ್ದುದರಿಂದ ನಿಲ್ಲಿಸಿದೆ, ಅಷ್ಟೆ.

"ಡ್ರೈವರಾ..."

ಎಡಗಡೆಯ ಕಬ್ಬಿನಿಂದ ಬಂತು. ಉದ್ದಕ್ಕೆ ಎಳೆದ ದನಿ, ಹೊಳೆಯ ಆಚೆಯಿಂದ ಬಂದಂತೆ. ಓ ಅನ್ನಲು ಬಾಯಿ ತೆರೆದೆ. ಕಿಟಕಿಯ ಗಾಜು ಏರಿಸಿದೆ, ಥಂಡಿ ಇತ್ತು.

"ಡ್ರೈವರಾ..." ಈ ಸಲ ಬಲಗಡೆಯಿಂದ.

ಹಿಂದಿನಿಂದ ಸಿಸ್ಟರ್ ಬಾಯಿ ಪಿಸುಗುಟ್ಟಿದರು. "ಯಾರೋ ಕರಿಯಾಕತ್ತಾರಲೇ, ಓ ಅನ್ನು."

"ನೀವ ಅನ್ರಿ."

"ನಾ ಡ್ರೈವರೇನೋ?"

ಇಬ್ಬರೂ ಕಾಯುತ್ತ ಕುಳಿತೆವು. ಮೂರನೆಯದು ಬರಲೇ ಇಲ್ಲ. ಮಂಜು ಗಾಜಿಗೆ ಒತ್ತಿ ನಿಂತಿತ್ತು. ಆಮೇಲೆ ಆ ಮಂಜಿನಿಂದ ಒಂದು ಕೈ ಬಂದು ಗಾಜನ್ನು ಫಟ್ ಎಂದು ಬಡಿಯಿತು. ಅದರ ಹಿಂದೆ ಬೊಚ್ಚು ಬಾಯಿ.

"ಡ್ರೈವರಾ! ಬ್ಯಾನಿ ಸುರು ಆಗ್ಯಾವಲೇ! ಒಂದ ಕರಿಗೆ ಓ ಅನ್ನಾಂವ ಎಲ್ಲಿ ಸತ್ತಿದ್ದಿ?"

"ಮೂರನೇದು ಕಾಯಾಕತ್ತಿದ್ದೆ" ಅಂದೆ.

"ಆತು. ಈಗ ನಮ್ಮಾಂವಾದಿ."

ಸಖೂನನ್ನು ಗಂಡ ಎತ್ತಿಕೊಂಡು ಬಂದ. ಹಿಂದೆ ಹೆಂಗಸರು, ಮುಂದೆ ನನ್ನ ಪಕ್ಕ ಗಂಡ. ಬೀಳಗಿಯ ಹಾದಿ ಹಿಡಿದು ಮಂಜಿನಲ್ಲಿ ತಡವರಿಸುತ್ತ ಹೊರಟೆ. ಅರ್ಧ ದಾರಿ ಹೋಗಿಲ್ಲ, "ನಿಲ್ಲಿಸೋ!" ಎಂದರು ಸಿಸ್ಟರ್ ಬಾಯಿ. ನಿಲ್ಲಿಸಿದೆ. ಕೂಸು ಹುಟ್ಟಿತು. ಅಳಲಿಲ್ಲ.

ಸಿಸ್ಟರ್ ಬಾಯಿ ಕೂಸಿನ ಬಾಯಿ ಒರೆಸಿದರು, ಬೆನ್ನು ತಿಕ್ಕಿದರು. ನೀಲಿಗಟ್ಟಿದ ಕೂಸು ಅಲ್ಲಾಡಲಿಲ್ಲ. ಸಖೂ ಕಣ್ಣು ಅಗಲಿಸಿ ಕೂಸನ್ನೇ ನೋಡುತ್ತಿದ್ದಳು. ಅತ್ತೆ ಬಾಗಿ ಕೂಸಿನ ಕಿವಿಗೆ ಮರಾಠಿಯಲ್ಲಿ ಮಗೂ ಎಂದು ಕರೆದಳು, "ಏ ಬಾಳಾ..." ಇಲ್ಲ. "ಬಾಳಾ..." ಇಲ್ಲ. ಮೂರನೆಯದು ಅವಳ ಬಾಯಿಂದ ಹೊರಡಲಿಲ್ಲ.

ಆಗ ನಾನು, ಎಮ್ಮೆ ಹೊರಳಿ ನೋಡುವ ಆ ದನಿಯಲ್ಲಿ ಕೂಗಿದೆ. "ಬಾಳಾ! ಬಾರಲೇ!"

ಸಿಸ್ಟರ್ ಬಾಯಿ ಅಂಗಾಲಿಗೆ ಒಂದು ಚಿಟುಕು ಕೊಟ್ಟರು. ಕೂಸು ಕಿಟಾರನೆ ಚೀರಿತು. ಅದು ಬಂದದ್ದು ತಮ್ಮ ಚಿಟುಕಿಗೆ ಎಂದು ಸಿಸ್ಟರ್ ಬಾಯಿ ಇವತ್ತಿಗೂ ಹೇಳುತ್ತಾರೆ. ಹೇಳಲಿ.

"ಹುಟ್ಟೂತಲೇ ಬುದ್ಧಿ ಐತಿ ನೋಡು" ಎಂದು ಮುದುಕಿ ಅತ್ತಳು, ನಕ್ಕಳು. "ಎರಡ ಕರಿಗೆ ಮೋಸ ಹೋಗಲಿಲ್ಲ."

ಎಲ್ಲರೂ ನಗುತ್ತಿದ್ದೆವು. ಆಗ ಹೊರಗೆ, ಕಬ್ಬಿನ ಒಳಗಿನಿಂದ, ನಿಧಾನಕ್ಕೆ ಬಂತು.

"ಡ್ರೈವರಾ..."

ನಾನು ಮುದುಕಿಯನ್ನು ನೋಡಿದೆ. ಮುದುಕಿ ವ್ಯಾನಿನಲ್ಲೇ ಇದ್ದಳು, ಬಾಯಿ ಮುಚ್ಚಿತ್ತು. ಗಂಡ ನನ್ನ ಪಕ್ಕ ಇದ್ದ. ಸಿಸ್ಟರ್ ಬಾಯಿಯ ಕೈಯಲ್ಲಿ ಕೂಸಿತ್ತು. ಕರೆಯುವವರೆಲ್ಲ ಒಳಗೇ ಇದ್ದರು.

"ಡ್ರೈವರಾ..."

ಆಮೇಲೆ ಮಂಜು ಇತ್ತೋ, ರಸ್ತೆ ಇತ್ತೋ ನನಗೆ ಗೊತ್ತಿಲ್ಲ. ಬೀಳಗಿ ದವಾಖಾನೆಯ ಬಾಗಿಲಲ್ಲೇ ಬ್ರೇಕ್ ಹಾಕಿದೆ. ಸಖೂಗೆ ಒಳಗೆ ರಕ್ತಸ್ರಾವ ಸುರುವಾಗಿತ್ತಂತೆ. ಅವಳನ್ನು ಉಳಿಸಿ ಹೊರಗೆ ಬಂದ ಡಾಕ್ಟರು ನನ್ನ ಬೆನ್ನು ತಟ್ಟಿದರು. "ಇನ್ನೊಂದು ಸ್ವಲ್ಪ ತಡ ಆಗಿದ್ರ ತಾಯಿ ಕೈ ಬಿಡ್ತಿದ್ಲು. ಇಂಥ ಮಂಜಿನಾಗ ಇಷ್ಟು ಜೋರ್ ಬಾ ಅಂತ ನಿನಗ ಹೇಳಿದವ್ರು ಯಾರೋ?"

"ಗೊತ್ತಿಲ್ರೀ ಸಾಹೇಬ್ರ" ಅಂದೆ. "ಮೂರನೇ ಸಲ ಕರೀಲಿ ಅಂತ ನಾ ಕಾಯಲಿಲ್ಲ."